ಬಣ್ಣ ಆಮೇಲೆ, ಬಡಗಿ ಮೊದಲು
ಕಳೆದ ಭಾನುವಾರ ಗೆಳೆಯರೊಬ್ಬರ ಶೆಡ್ಡಿನಲ್ಲಿ ಟಾರ್ಪಾಲು ಸರಿಸಿದಾಗ ಕಂಡದ್ದು ಎಂಜಿ ಟಿಸಿ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1945ರಿಂದ 1949ರವರೆಗೆ ತಯಾರಾದ, ಹಡಗಿನಲ್ಲಿ ಇಲ್ಲಿಗೆ ಬಂದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎಷ್ಟೋ ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಆದರೂ ಗೆಳೆಯರು ಆಗಲೇ ಕೆಂಪು ಬಣ್ಣ ಆರಿಸಿಬಿಟ್ಟಿದ್ದರು. ನಾನು ಬಾಗಿಲು ತೆಗೆದೆ, ಅದು ಜೋತುಬಿತ್ತು. ಈ ಕಾರಿನ ತಗಡಿನ ಹಿಂದೆ ಇರುವುದು ಆ್ಯಶ್ ಮರದ ಚೌಕಟ್ಟು. ಅದು ಕೊಳೆತಿರುವಾಗ ಮೇಲೆ ಬಣ್ಣ ಬಳಿಯುವುದೆಂದರೆ, ತೊಲೆಯನ್ನು ಗೆದ್ದಲು ತಿಂದಿರುವ ತೊಟ್ಟಿಮನೆಗೆ ಸುಣ್ಣ ಹೊಡೆದಂತೆ. ಇಲ್ಲಿ ಮೊದಲು ಬೇಕಾದವನು ಪೇಂಟರ್ ಅಲ್ಲ, ಕೈಹದ ಬಲ್ಲ ಬಡಗಿ. ಎಂಜಿನ್ನಿಗೂ ಅಷ್ಟೇ ತಾಳ್ಮೆ ಬೇಕು: ಆ 1250 ಸಿಸಿ ಎಂಜಿನ್ನಿನ ಬೋಲ್ಟಿನ ತಲೆ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯದು, ಥ್ರೆಡ್ ಮಾತ್ರ ಮೆಟ್ರಿಕ್. ಇದು ಗೊತ್ತಿಲ್ಲದೆ ಕೈಗೆ ಸಿಕ್ಕ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಹಾಳಾಗುವುದು ಎಂಜಿನ್ ಬ್ಲಾಕು. ಇಂಥ ಕಾರನ್ನು ಬಿಚ್ಚಲು ಹೊರಟವರಲ್ಲಿ ನನ್ನದೊಂದೇ ವಿನಂತಿ: ಕೊಳೆತ ಮರದ ಒಂದು ತುಂಡನ್ನೂ ಎಸೆಯಬೇಡಿ, ಹೊಸದನ್ನು ಕೊಯ್ಯಲು ಬಡಗಿಗೆ ಅದೇ ಅಳತೆ.