"ಕನ್ನಡ ಬರ್ತಿತ್ತು, ಬದುಕಿ ಬಂದೆವು" ಎನ್ನುವ ಮುನ್ನ



ಹೋದ ಭಾನುವಾರ ಪೂಜೆ ಮುಗಿದ ಮೇಲೆ ನಡೆದ ಯುವಜನರ ಕೂಟದಲ್ಲಿ ನಮ್ಮ ಧರ್ಮಕೇಂದ್ರದ ಅಣ್ಣ ಅತ್ತಿಗೆ ಇಬ್ಬರು ತಮ್ಮ ಮದುವೆಯಾದ ವರ್ಷದ ಕಥೆ ಹೇಳಿದರು. ಎರಡು ದಿನ ಬೆಂಗಳೂರು ಸುತ್ತಿ ಬರೋಣ ಎಂದು ಹೋಗಿ, ಗಲಾಟೆಯಲ್ಲಿ ಸಿಕ್ಕಿಕೊಂಡ ಕಥೆ. ಕೊನೆಗೆ ಅಣ್ಣ, "ಕನ್ನಡ ಬರ್ತಿತ್ತು, ಅದಕ್ಕೇ ಬದುಕಿ ಬಂದ್ವಿ ಕಣ್ರಪ್ಪಾ" ಎಂದರು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದೆವು. ಮನೆಗೆ ನಡೆದು ಹೋಗುವಾಗ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಕೇಳಿದಳು: "ಬರದೇ ಇದ್ದಿದ್ರೆ?"

ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಕೂಟಕ್ಕೆ ಬಾರದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇವೆ. 2016ರ ಸೆಪ್ಟೆಂಬರ್ 10, ಶನಿವಾರ. ಅಣ್ಣ ಅತ್ತಿಗೆ ತಾಳವಾಡಿಯಿಂದ ತಮ್ಮ ಹಳೆಯ ಕಾರಿನಲ್ಲಿ ಹೊರಟರು. ನಮ್ಮೂರಿನ ಎಲ್ಲ ಗಾಡಿಗಳ ಹಾಗೆ ಅದಕ್ಕೂ ತಮಿಳುನಾಡಿನ ನಂಬರು. ಶಿವಾಜಿನಗರದಲ್ಲಿ ರೂಮು, ಕಬ್ಬನ್ ಪಾರ್ಕು, ಭಾನುವಾರ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ಪೂಜೆ, ಸಂಜೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅತ್ತಿಗೆಗೆ ಒಂದು ಸೀರೆ. ಸೋಮವಾರ ಲಾಲ್‌ಬಾಗ್ ನೋಡಿಕೊಂಡು ವಾಪಸು ಬರುವುದೆಂದು ಮಾತಾಗಿತ್ತು.

ಆ ಸೋಮವಾರ ಸೆಪ್ಟೆಂಬರ್ 12. ಒಂದು ವಾರದ ಹಿಂದೆ, 5ರಂದು, ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. 9ರಂದು ಕರ್ನಾಟಕ ಬಂದ್ ಆಯಿತು. 12ರಂದು ಕೋರ್ಟು ಆದೇಶ ಬದಲಿಸಿ, 12,000 ಕ್ಯೂಸೆಕ್‌ನಂತೆ 20ರವರೆಗೆ ಬಿಡಿ ಎಂದಿತು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಹೊತ್ತಿಕೊಂಡಿತು. ಒಂದೇ ಡಿಪೋದಲ್ಲಿ 30ಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ಸುಟ್ಟು ಬೂದಿಯಾದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತ.

ಟಿವಿ ನೋಡಿದ ಅಣ್ಣ ಅತ್ತಿಗೆ ರೂಮಿನಲ್ಲೇ ಇದ್ದಿದ್ದರೆ ಆಗುತ್ತಿತ್ತು. "ಕತ್ತಲಾಗೋದರೊಳಗೆ ಊರು ಸೇರ್ಕೊಳೋಣ" ಎಂದು ಹೊರಟುಬಿಟ್ಟರು. ಮೈಸೂರು ರಸ್ತೆಯಲ್ಲಿ ಹತ್ತಿಪ್ಪತ್ತು ಹುಡುಗರು ಕಾರಿಗೆ ಅಡ್ಡ ಬಂದರು. ಒಬ್ಬನ ಕೈಯಲ್ಲಿ ರಾಡು.

"ಯಾವೂರು? ಕನ್ನಡ ಬರುತ್ತಾ?"

"ಬರದೇ ಏನು ಸಾರ್, ನಮ್ಮದು ಗಾಜನೂರು ಪಕ್ಕ. ಅಣ್ಣಾವ್ರ ಊರು."

ಆ ಒಂದು ಹೆಸರಿಗೆ ದಾರಿ ಬಿಟ್ಟರು. ಇನ್ನೊಬ್ಬ ನಂಬರ್ ಪ್ಲೇಟಿಗೆ ಪೇಪರ್ ಅಂಟಿಸಿಯೂ ಕೊಟ್ಟನಂತೆ. ಅಷ್ಟರಲ್ಲಿ ಹಿಂದಿದ್ದ ಲಾರಿಯ ಗಾಜು ಒಡೆದ ಸದ್ದು. ಅದೂ ತಮಿಳುನಾಡಿನ ಗಾಡಿಯೇ. ಅದರ ಡ್ರೈವರಿಗೂ ಅದೇ ಪ್ರಶ್ನೆ ಕೇಳಿದ್ದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಅಣ್ಣ ಕಾರು ನಿಲ್ಲಿಸಲಿಲ್ಲ. ಅವರನ್ನು ದೂರಲು ನಾವು ಯಾರೂ ಅಲ್ಲ. ಪಕ್ಕದಲ್ಲಿ ಹೆಂಡತಿ ನಡುಗುತ್ತಾ ಕೂತಿರುವಾಗ ನಾವಾಗಿದ್ದರೂ ನಿಲ್ಲಿಸುತ್ತಿರಲಿಲ್ಲ. ಆದರೆ ಕಥೆ ಕೇಳಿ ಚಪ್ಪಾಳೆ ತಟ್ಟಿದ ನಮಗೆ ಆ ಲಾರಿ ಡ್ರೈವರ್ ನೆನಪಿಗೇ ಬರಲಿಲ್ಲವಲ್ಲ, ತಪ್ಪು ಅದು.

ಬೈಬಲಿನ ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ಒಂದು ಹೊಳೆ ಇದೆ, ಜೋರ್ಡನ್. ಹೊಳೆ ದಾಟುವ ಕಡೆಯಲ್ಲಿ ಗಿಲ್ಯಾದಿನವರು ನಿಂತು, ಬಂದವರಿಗೆಲ್ಲ "ಷಿಬ್ಬೋಲೆತ್" ಎಂದು ಹೇಳಿಸುತ್ತಿದ್ದರು. ಎಫ್ರಾಯಿಮಿನವರ ನಾಲಿಗೆಗೆ "ಷ" ಹೊರಳುತ್ತಿರಲಿಲ್ಲ, "ಸ" ಎನ್ನುತ್ತಿದ್ದರು. ಅಷ್ಟಕ್ಕೇ ಕೊಂದರು. ಸತ್ತವರು 42,000 ಎಂದು ಗ್ರಂಥ ಹೇಳುತ್ತದೆ. ನಾವು ಅದನ್ನು ಎಂದೋ ಎಲ್ಲೋ ನಡೆದದ್ದು ಎಂದು ಓದುತ್ತೇವೆ. ಅಂದು ಮೈಸೂರು ರಸ್ತೆಯಲ್ಲಿ ಕೇಳಿದ್ದೂ ಅದೇ ಬಗೆಯ ಪ್ರಶ್ನೆ. ನಮ್ಮವರು ಸರಿಯಾಗಿ ಉಚ್ಚರಿಸಿದರು, ಅಷ್ಟೇ.

ನಾವು ಗಡಿಯವರು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಗೆ ಚಾಮರಾಜನಗರ, ಜಿಲ್ಲಾ ಕೇಂದ್ರಕ್ಕೆ ದಿಂಬಂ ಘಾಟಿಯ 27 ತಿರುವು ಇಳಿದು ಈರೋಡು. ಡಾ. ರಾಜ್‌ಕುಮಾರ್ ಅವರ ಗಾಜನೂರಿನ ವಿಳಾಸ ಬರೆಯಬೇಕಾದರೂ ತಮಿಳುನಾಡು ಎಂದೇ ಬರೆಯಬೇಕು. ನಂಬರ್ ಪ್ಲೇಟು ನೋಡಿ ಮನುಷ್ಯ ಯಾರೆಂದು ಹೇಳಲು ಆಗುವುದಿಲ್ಲ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. ಅಂಥ ನಾವೇ "ನಮ್ಮ ಭಾಷೆ ನಮ್ಮನ್ನು ಉಳಿಸಿತು" ಎಂದು ಹೆಮ್ಮೆಪಟ್ಟರೆ, ಆ ಪರೀಕ್ಷೆ ಸರಿ ಎಂದು ಒಪ್ಪಿಕೊಂಡ ಹಾಗೆ. ಅದೇ ದಿನಗಳಲ್ಲಿ ರಾಮೇಶ್ವರದಲ್ಲಿ ಕರ್ನಾಟಕದ ಗಾಡಿಗಳ ಮೇಲೆ ದಾಳಿ ನಡೆಯಿತು. ಅಲ್ಲಿ ಕನ್ನಡ ಮಾತಾಡಿದ್ದರೆ ಉಳಿಯುತ್ತಿರಲಿಲ್ಲ, ಪೆಟ್ಟು ಬೀಳುತ್ತಿತ್ತು.

"ರೈತರ ಹೊಟ್ಟೆಯ ಸಂಕಟ ನಿಮಗೇನು ಗೊತ್ತು?" ಎಂದು ಕೆಲವರು ಕೇಳಬಹುದು. ಗೊತ್ತು. ನಮ್ಮಲ್ಲಿ ಅರ್ಧಕ್ಕರ್ಧ ಮನೆಗಳು ಬೇಸಾಯದವೇ. ಮಳೆ ಕೈಕೊಟ್ಟ ವರ್ಷ ಮಂಡ್ಯದ ರೈತನ ಸಿಟ್ಟೂ ನಿಜ, ತಂಜಾವೂರಿನ ರೈತನ ಭಯವೂ ನಿಜ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 12,000 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಬಸ್ಸು ಸುಟ್ಟು, ಲಾರಿ ಗಾಜು ಒಡೆದು ಉಳಿಸಿದ ನೀರು ಎಷ್ಟು? ಒಂದು ಚೊಂಬೂ ಇಲ್ಲ. ಕೊನೆಗೆ ನೀರಿನ ಪಾಲು ತೀರ್ಮಾನವಾದದ್ದು 2018ರ ಫೆಬ್ರವರಿ 16ರಂದು, ಕೋರ್ಟಿನಲ್ಲಿ. ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಸಿಕ್ಕಿದ್ದೂ ಅಲ್ಲಿಯೇ.

ಹಾಗಾದರೆ ನಾವೇನು ಮಾಡಬಹುದು? ಗುಂಪಿನ ಮುಂದೆ ಎದೆಯೊಡ್ಡಿ ನಿಲ್ಲಿ ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಅಂದಿನ ಬೆಂಕಿಗೆ ಗಾಳಿ ಹಾಕಿದ್ದು ಮೊಬೈಲು. ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದ ವಿಡಿಯೋ ಅತ್ತ ಹೋಯಿತು, ರಾಮೇಶ್ವರದ ವಿಡಿಯೋ ಇತ್ತ ಬಂತು. ಒಂದೊಂದು ಸಲ ಕಳಿಸಿದಾಗಲೂ ಸಿಟ್ಟು ಹೆಚ್ಚಿತು. ಎರಡು ಭಾಷೆಯ ವಾಟ್ಸ್ಯಾಪ್ ಗುಂಪುಗಳಲ್ಲೂ ಇರುವವರು ನಾವು. ಇಂಥ ವಿಡಿಯೋ ನಮ್ಮ ಮೊಬೈಲಿಗೆ ಬಂದರೆ ಅದು ಅಲ್ಲೇ ನಿಲ್ಲಲಿ. ಊರ ಹೊರಗಿರುವ ನಮ್ಮವರಿಗೆ ವಿಡಿಯೋ ಕಳಿಸುವ ಬದಲು ಫೋನ್ ಮಾಡಿ, "ಇರೋ ಕಡೆಯಲ್ಲೇ ಇರಿ, ಹೊರಡಬೇಡಿ" ಎನ್ನೋಣ. ಮುಂದೆ ಎಂದಾದರೂ ನಮ್ಮ ರಸ್ತೆಯಲ್ಲಿ ಬೇರೆ ನಂಬರಿನ ಗಾಡಿ ಸಿಕ್ಕಿಕೊಂಡು ನಿಂತರೆ ಒಳಗೆ ಕರೆದು ಗೇಟು ಹಾಕೋಣ.

ಹಾಗೆ ಗೇಟು ತೆರೆದವರು ಅಂದು ಬೆಂಗಳೂರಿನಲ್ಲೂ ಇದ್ದರು. ಮೈಸೂರು ರಸ್ತೆಯ ಆ ಜಾಗ ದಾಟಿದ ಮೇಲೆ ಅಣ್ಣ ದಾರಿ ತಿಳಿಯದೆ ಒಂದು ಗಲ್ಲಿಗೆ ಕಾರು ತಿರುಗಿಸಿದರು. ಮಾರನೆಯ ದಿನ ಬಕ್ರೀದ್, ಅಲ್ಲೊಂದು ಮುಸ್ಲಿಂ ಮನೆಯವರು ಹಬ್ಬದ ತಯಾರಿಯಲ್ಲಿದ್ದರು. ಆ ಮನೆಯ ಅಮ್ಮ ಗೇಟು ತೆಗೆಸಿದರು, ಕಾರಿಗೆ ಬೆಡ್‌ಶೀಟ್ ಹೊದಿಸಿದರು. ಕರ್ಫ್ಯೂ ಸಡಿಲವಾಗುವವರೆಗೆ ಎರಡು ರಾತ್ರಿ ಇವರನ್ನು ಇಟ್ಟುಕೊಂಡರು. ಆಕೆ ಯಾವೂರು ಎಂದೂ ಕೇಳಲಿಲ್ಲ, ಯಾವ ಭಾಷೆ ಎಂದೂ ಕೇಳಲಿಲ್ಲ. ಕೇಳಿದ್ದು ಒಂದೇ: "ಊಟ ಆಯ್ತಾ?"

ಇದನ್ನು ಹೇಳಿದ್ದು ಅತ್ತಿಗೆ, ಅದೂ ಚಪ್ಪಾಳೆ ಎಲ್ಲ ಮುಗಿದು ನಾವು ಕುರ್ಚಿ ಜೋಡಿಸುತ್ತಿದ್ದಾಗ. ಮುಂದಿನ ಸಲ ಕಥೆಯನ್ನು ಅತ್ತಿಗೆಯೇ ಹೇಳಲಿ ಎಂದು ಕೇಳಿಕೊಂಡಿದ್ದೇವೆ. ಎಲ್ಲರೂ ಬನ್ನಿ.