ಮನೆಗೆ ರಂಪ ತರುವ ಮುಂಚೆ

ತೆಲುಗಿನಲ್ಲಿ ರಂಪಂ ಅಂದ್ರೆ ಗರಗಸ. ಕನ್ನಡದಲ್ಲಿ ರಂಪ ಅಂದ್ರೆ ಜಗಳ, ಗಲಾಟೆ. ಎರಡು ಭಾಷೆಯನ್ನೂ ಬಾಯಲ್ಲಿಟ್ಟುಕೊಂಡು ಬೆಳೆದ ನಮ್ಮ ಮಡಕಶಿರಾ ಸೀಮೆಯವರಿಗೆ ಈ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ಆದರೆ 2022ರಲ್ಲಿ ನನ್ನ ಮನೆಯೊಳಗೆ ಎರಡೂ ಒಂದೇ ಆಗಿಹೋದವು. ಮರ ಕೊಯ್ಯುವ ಪೆಟ್ರೋಲ್ ಮಿಷನ್ ಒಂದನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಂದದ್ದೇ ಕಾರಣ. ಈಗ ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಯಾವ ಕಡೆ ಹೋದರೂ ಟೀ ಅಂಗಡಿಯಲ್ಲಿ ಒಬ್ಬರಾದರೂ "ಅಣ್ಣಾ, ಸೌದೆಗೆ ಒಂದು ಮಿಷನ್ ತಗೋಬೇಕು, ಯಾವುದು ಒಳ್ಳೇದು?" ಅಂತ ಕೇಳ್ತಾರೆ. ಪದ್ಯ ಬರೆಯೋನಿಗೆ ಮಿಷನ್ನಿನ ಉಸಾಬರಿ ಯಾಕೆ ಅಂತ ನಗುವವರೂ ಇದ್ದಾರೆ. ಪದ್ಯ ಬರೆಯೋನ ಮನೆಯಲ್ಲೂ ಹಂಡೆ ನೀರು ಕಾಯಬೇಕಲ್ಲ.

ಗ್ಯಾಸ್ ಬಂದ ಮೇಲೂ ನಮ್ಮ ಕಡೆ ಸೌದೆ ಒಲೆ ಆರಿಲ್ಲ. ಸ್ನಾನದ ನೀರು, ದೊಡ್ಡ ಪಾತ್ರೆಯ ಮುದ್ದೆ, ಹಬ್ಬ, ಜಾತ್ರೆ, ಮದುವೆ ಎಲ್ಲಕ್ಕೂ ಸೌದೆ ಬೇಕು. ಮರಕ್ಕೇನೂ ಬರ ಇಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಬಳ್ಳಾರಿ ಜಾಲಿ, ತೆಲುಗಿನವರ ಸರ್ಕಾರು ತುಮ್ಮ, ಬೇಲಿ ತುಂಬ ನಿಂತಿದೆ. ಕಡಿದಷ್ಟೂ ಚಿಗುರುತ್ತದೆ. ಅದರ ಜೊತೆಗೆ ಹೊಂಗೆ, ಬೇವಿನ ಒಣ ರೆಂಬೆ, ಗಾಳಿಗೆ ಬಿದ್ದ ಹುಣಸೆ ಕೊಂಬೆ. ಎಲ್ಲಾ ಸೇರಿಸಿದರೂ ನನ್ನಂಥ ಒಂದು ಸಂಸಾರಕ್ಕೆ ವರ್ಷದಲ್ಲಿ ಆರೆಂಟು ದಿನದ ಕೊಯ್ಲು ಅಷ್ಟೆ. ಆದರೆ ಆ ಆರೆಂಟು ದಿನಕ್ಕೆ ಕೊಡಲಿ ಹಿಡಿಯುವ ಆಳು ಸಿಗಲ್ಲ. ಮಗ ಬೆಂಗಳೂರಲ್ಲಿ. ನನಗೋ ಐವತ್ತಾರು ತುಂಬಿ ಸೊಂಟ ಮಾತು ಕೇಳ್ತಿಲ್ಲ. ಹೀಗಾಗಿ ಮಿಷನ್ ಬೇಕು ಅನ್ನಿಸೋದು ಸಹಜ.

ನಾನು ತಂದದ್ದು 58 ಸಿಸಿಯ ಮಿಷನ್ನು, 22 ಇಂಚಿನ ಬಾರು. ಬೆಲೆ 6,500 ರೂಪಾಯಿ. ಅಂಗಡಿಯವನು "ದೊಡ್ಡ ಬಾರು ಯಜಮಾನ್ರೇ, ಎಂಥಾ ಮರ ಆದ್ರೂ ಬೆಣ್ಣೆ" ಅಂದ. ಮೊದಲ ಎರಡು ದಿನ ಹೌದು, ಬೆಣ್ಣೆಯೇ. ಕೆಲಸ ಮುಗಿಸಿ, ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಸಮೇತ ಕೊಟ್ಟಿಗೆ ಮೂಲೆಯಲ್ಲಿಟ್ಟೆ. ಹತ್ತು ತಿಂಗಳ ಮೇಲೆ ತೆಗೆದು ಹಗ್ಗ ಎಳೆದೆ, ಎಳೆದೆ, ಭುಜ ನೋವು ಬಂತೇ ಹೊರತು ಮಿಷನ್ ಕೆಮ್ಮಲೂ ಇಲ್ಲ. ಹಿಂದೂಪುರದ ಮೆಕ್ಯಾನಿಕ್ ಬಿಚ್ಚಿ ನೋಡಿ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಂಟಾಗಿದೆ, ಒಳಗಿನ ರಬ್ಬರ್ ಪೊರೆ ಗಟ್ಟಿಯಾಗಿದೆ ಅಂದ. 900 ರೂಪಾಯಿ ಆಯ್ತು. ಮುಂದಿನ ವರ್ಷ ಮತ್ತೆ ಅದೇ ಕತೆ, 1,100. "ಅನ್ನಾ, ದೀನಿಕಿ ಸ್ಪೇರ್ ದೊರಕದು" ಅಂತ ಅವನೇ ಕೈ ಮುಗಿದ. ಒಟ್ಟು 8,500 ಹೋಯ್ತು. ಅದನ್ನಾದರೂ ಮರೆಯಬಹುದಿತ್ತು.

ಮರೆಯಲಾಗದ್ದು ಬೇರೆ. ಬೇಲಿಯ ಜಾಲಿ ಕೊಯ್ಯುತ್ತಿದ್ದೆ. ಪಂಚೆ ಕಟ್ಟಿದ್ದೆ, ಹೆಗಲ ಮೇಲೆ ಟವೆಲ್ಲು. ಬಾರಿನ ತುದಿ, ನಾನು ಕೊಯ್ಯುತ್ತಿದ್ದ ಕೊಂಬೆಯ ಹಿಂದಿದ್ದ ಇನ್ನೊಂದು ಕೊಂಬೆಗೆ ತಾಗಿತು. ಕಣ್ಣು ಮಿಟುಕಿಸೋದರೊಳಗೆ ಇಡೀ ಬಾರು ಮೇಲಕ್ಕೆ ಹಾರಿ ಮುಖದ ಕಡೆ ಬಂತು. ಹೆಗಲಿನ ಟವೆಲ್ಲು ಎರಡು ಸೀಳಾಯಿತು. ನಾಲ್ಕು ಬೆರಳು ಈಚೆ ಆಗಿದ್ದರೆ ಈ ಲೇಖನ ಬೇರೆ ಯಾರೋ ಬರೀಬೇಕಿತ್ತು. ಅಂಥ ಹೊತ್ತಿನಲ್ಲಿ ಚೈನು ತಾನಾಗಿ ನಿಲ್ಲಲಿ ಅಂತಲೇ ಮುಂದಿನ ಕೈಕಾಪಿನಲ್ಲಿ ಒಂದು ಬ್ರೇಕು ಇರುತ್ತೆ. ನನ್ನ ಮಿಷನ್ನಿನಲ್ಲಿ ಕಾಪು ಇತ್ತು, ಬ್ರೇಕು ಹಿಡೀತಿರಲಿಲ್ಲ. ಅದನ್ನು ಪರೀಕ್ಷೆ ಮಾಡಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ. ಮನೆಯಾಕೆ ಹರಿದ ಟವೆಲ್ಲು ನೋಡಿ, "ಸೌದೆಗೆ ಹೋಗಿ ಸೌದೆ ಆಗಿ ಬರ್ಬೇಡ್ರಿ" ಅಂದವಳು ಮೂರು ದಿನ ಮಾತಾಡಲಿಲ್ಲ.

ಆದ್ದರಿಂದ ಬಂಧುಗಳೇ, ನನ್ನ ಮೊದಲ ಮಾತು ಇದು. ಬೆಲೆ ಕೇಳುವ ಮುಂಚೆ ಬ್ರೇಕು ನೋಡಿ. ಅಂಗಡಿಯವನಿಗೇ ಮಿಷನ್ ಚಾಲೂ ಮಾಡಿಸಿ. ಎಕ್ಸಲೇಟರ್ ಬಿಟ್ಟಾಗ ಚೈನು ತಿರುಗಬಾರದು. ಒಂದು ಕ್ಷಣ ಎಕ್ಸಲೇಟರ್ ಕೊಟ್ಟು ಮುಂದಿನ ಕಾಪನ್ನು ಮಣಿಕಟ್ಟಿನಿಂದ ತಳ್ಳಿದರೆ ಚೈನು ಗಕ್ಕನೆ ನಿಲ್ಲಬೇಕು. ನಿಲ್ಲಲಿಲ್ಲವೋ, ಬಿಟ್ಟಿ ಕೊಟ್ಟರೂ ಬೇಡ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಿಸಬೇಡಿ, ಹೊಡೆತ ಬರೋದು ಅಲ್ಲಿಂದಲೇ. ಪಂಚೆ ಲುಂಗಿ ಬಿಟ್ಟು ದಪ್ಪ ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ. ತಲೆಗೆ ಬೇರೇನೂ ಇಲ್ಲದಿದ್ದರೆ ಬೈಕಿನ ಹೆಲ್ಮೆಟ್ಟಾದರೂ ಇರಲಿ. ಊರವರು ನಗ್ತಾರೆ, ನಗಲಿ.

ಎರಡನೆಯದು ಗಾತ್ರದ ಮೋಹ. ನಮ್ಮ ಜಾಲಿ ದಿಮ್ಮಿ ತೊಡೆಗಾತ್ರ ದಾಟೋದು ಅಪರೂಪ. ಅದಕ್ಕೆ 14 ಅಥವಾ 16 ಇಂಚಿನ ಬಾರು ಧಾರಾಳ. ಇನ್ನೂ ದಪ್ಪ ಇದ್ದರೆ ಎರಡು ಕಡೆಯಿಂದ ಕೊಯ್ದರಾಯಿತು. ಬಾರು ಉದ್ದವಾದಷ್ಟೂ ತೂಕ ಹೆಚ್ಚು, ತುದಿ ಎಲ್ಲಿ ತಾಗುತ್ತೆ ಅನ್ನೋದು ಕಣ್ಣಿಗೆ ಕಾಣಲ್ಲ. ಜರ್ಮನಿಯ ಸ್ಟಿಲ್ ಕಂಪನಿಯ ಎಂಎಸ್ 180 ಅನ್ನುವ ಸಣ್ಣ ಮಿಷನ್ ಸುಮಾರು 32 ಸಿಸಿ, ಬಾರು ಬಿಟ್ಟು ನಾಲ್ಕು ಕಿಲೋ ಆಚೀಚೆ. ಸ್ವೀಡನ್ನಿನ ಹಸ್ಕ್ವರ್ನಾದವರ 120 ಸುಮಾರು 38 ಸಿಸಿ. ಇಂಥವು ಇಪ್ಪತ್ತು ಸಾವಿರದ ಆಚೀಚೆ ಬರ್ತವೆ. 58 ಸಿಸಿ ಮುಂದೆ ಇವು ಹುಡುಗರ ಆಟಿಕೆ ಥರ ಕಾಣ್ತವೆ. ಆದರೆ ಬೆಲೆ ಇರೋದು ಸಿಸಿಗಲ್ಲ, ಹಿಡಿಯುವ ಬ್ರೇಕಿಗೆ ಮತ್ತು ಐದು ವರ್ಷದ ಮೇಲೂ ಸಿಗುವ ಸ್ಪೇರಿಗೆ. ಫೋನಿನಲ್ಲಿ ಎರಡು ಸಾವಿರಕ್ಕೆ ಬರುವ ಬ್ಯಾಟರಿಯ ಗೇಣುದ್ದದ ರಂಪ ತೋಟದ ಸಣ್ಣ ರೆಂಬೆಗೆ ಸರಿ, ಸೌದೆಗಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ಮುಖ್ಯವಾದ ಮಾತು ಉಳಿದಿದೆ. ನಮ್ಮಂಥವರ ಮಿಷನ್ ಹಾಳಾಗೋದು ದುಡಿದು ಅಲ್ಲ, ಸುಮ್ಮನೆ ಕೂತು. ವರ್ಷಕ್ಕೆ ಎಂಟು ದಿನ ಕೆಲಸ, 357 ದಿನ ಮೂಲೆ. ಹಾಗಾಗಿ ಮಿಷನ್ ಆರಿಸುವಾಗ ಆ ಎಂಟು ದಿನದ ಯೋಚನೆಗಿಂತ ಮೂಲೆಯ ದಿನಗಳ ಯೋಚನೆ ಜಾಸ್ತಿ ಮಾಡಬೇಕು. ನಮ್ಮ ದೇಶದ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ ಶೇಕಡ 20 ಎಥನಾಲ್ ಬೆರೆಯುವ ಮಟ್ಟ ಬಂದಿದೆ. ಎಥನಾಲ್ ಗಾಳಿಯ ತೇವ ಎಳೆಯುವಂಥದ್ದು. ತಿಂಗಳುಗಟ್ಟಲೆ ನಿಂತರೆ ಸಣ್ಣ ಕಾರ್ಬೊರೇಟರಿಗೆ ಅದು ವಿಷ. ಕೊಳ್ಳುವ ಮಿಷನ್ ಎಷ್ಟು ಎಥನಾಲ್ ತಡೆಯುತ್ತೆ ಅಂತ ಅಂಗಡಿಯಲ್ಲೇ ಕೇಳಿ. ಕೆಲಸ ಮುಗಿದ ದಿನವೇ ಟ್ಯಾಂಕು ಬರಿದು ಮಾಡಿ, ಉಳಿದದ್ದು ಉರಿದು ತಾನಾಗಿ ನಿಲ್ಲುವವರೆಗೆ ಓಡಿಸಿ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಬೆರೆಸುವ ಲೆಕ್ಕ ಮಿಷನ್ ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಇದ್ದರೆ 40 ಮಿಲಿ. ಎಣ್ಣೆ ಹಾಕದ ಬರೀ ಪೆಟ್ರೋಲ್ ಹಾಕಿದರೆ ಇಂಜಿನ್ ಹಿಡಿದುಕೊಂಡು ಅಲ್ಲೇ ಮುಗೀತು. ಚೈನಿನ ಎಣ್ಣೆ ಟ್ಯಾಂಕು ಬೇರೆ, ಅದಕ್ಕೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕಬಾರದು.

ಸೌದೆಯನ್ನು ಗಾಡಿಯಲ್ಲಿ ತಂದು ಮನೆ ಅಂಗಳದಲ್ಲಿ ತುಂಡು ಮಾಡುವವರಿಗೆ ನಾನು ಪೆಟ್ರೋಲ್ ಮಿಷನ್ನೇ ಬೇಡ ಅಂತೀನಿ. ಕರೆಂಟಿನ 16 ಇಂಚಿನದು ನಾಲ್ಕೈದು ಸಾವಿರಕ್ಕೆ ಸಿಗುತ್ತೆ. ಕಾರ್ಬೊರೇಟರ್ ಇಲ್ಲ, ಹಗ್ಗ ಎಳೆಯೋದಿಲ್ಲ, ವರ್ಷ ಮೂಲೆಯಲ್ಲಿದ್ದರೂ ಚಕಾರ ಎತ್ತಲ್ಲ. ಇದರಲ್ಲೂ ಬ್ರೇಕು ಇರುವುದನ್ನೇ ನೋಡಿ ತಗೊಳ್ಳಿ. 2000 ವಾಟಿನದು ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತೆ. ಟಿವಿಯ ಸಣ್ಣ ಪ್ಲಗ್ಗಿಗೆ, ತೆಳು ವೈರಿಗೆ ಹಾಕಿದರೆ ವೈರು ಕಾದು ಕರಗುತ್ತೆ. ದೊಡ್ಡ ಸಾಕೆಟ್ಟು, 2.5 ಎಂಎಂ ತಾಮ್ರದ ವೈರು ಬೇಕು. ಮಳೆಯಲ್ಲಿ ಮುಟ್ಟಬಾರದು. ಸಂಜೆ ವೋಲ್ಟೇಜು ಕುಗ್ಗುವ ಊರಿನವರು ಬೆಳಗ್ಗೆ ಕೊಯ್ಯಲಿ.

ಚೈನಿನ ವಿಷಯಕ್ಕೆ ಬಂದರೆ ನನ್ನೊಳಗಿನ ಕವಿ ಸುಮ್ಮನಿರಲ್ಲ. 1946ರಲ್ಲಿ ಅಮೆರಿಕದ ಆರೆಗಾನ್ ಕಾಡಿನಲ್ಲಿ ಜೋ ಕಾಕ್ಸ್ ಅನ್ನೋ ಮರ ಕಡಿಯುವವ, ಮರ ಕೊರೆಯುವ ಹುಳ ತನ್ನ ಬಾಯಿಂದ ಎಡಕ್ಕೂ ಬಲಕ್ಕೂ ಕಚ್ಚಿ ಮರ ತಿನ್ನೋದನ್ನು ನೋಡುತ್ತಾ ಕೂತು, ಅದೇ ಥರದ ಹಲ್ಲಿನ ಚೈನು ಮಾಡಿದ. ಇವತ್ತಿನ ಚೈನುಗಳೆಲ್ಲಾ ಹೆಚ್ಚುಕಡಿಮೆ ಆ ಹುಳದ ಮಕ್ಕಳೇ. ಹುಳದ ಹಲ್ಲು ಮಣ್ಣಿಗೆ ತಾಗಿದರೆ ಮೊಂಡಾಗುತ್ತೆ. ನಮ್ಮ ಕಲ್ಲು ನೆಲದಲ್ಲಂತೂ ಒಂದೇ ಸಲ ಸಾಕು. ದಿಮ್ಮಿಯನ್ನು ಅಡ್ಡ ತುಂಡುಗಳ ಮೇಲೆ ಎತ್ತಿಟ್ಟು ಕೊಯ್ಯಿರಿ. ಹೊಟ್ಟು ಚಕ್ಕೆಯಾಗಿ ಬೀಳದೆ ಹಿಟ್ಟಿನಂತೆ ಬಿದ್ದರೆ ಹಲ್ಲು ಮೊಂಡಾಗಿದೆ ಅಂತಲೇ. ಸಣ್ಣ ಚೈನುಗಳಿಗೆ ಸಾಮಾನ್ಯವಾಗಿ 4 ಎಂಎಂ ಗುಂಡು ಅರ, ತೆಲುಗಿನ ಆಕುರಾಯಿ, ಬೇಕಾಗುತ್ತೆ. ಅರದ ಅಳತೆ ಚೈನಿಗೆ ತಕ್ಕಂತೆ ಬದಲಾಗುತ್ತೆ, ಕೊಳ್ಳುವಾಗಲೇ ಒಂದು ಇಸ್ಕೊಳ್ಳಿ.

ಇನ್ನು ಗಡಿಯ ತಾಪತ್ರಯ. ಶಿರಾ, ಪಾವಗಡ ನಮಗೆ ಹತ್ತಿರ, ಅಂಗಡಿಯವರು ನಮ್ಮ ಭಾಷೆಯವರೇ. ಆದರೆ ಕರ್ನಾಟಕದ ಸಬ್ಸಿಡಿಗೆ ಅಲ್ಲಿಯ ಪಹಣಿ ಬೇಕು, ನಮ್ಮ ಅಡಂಗಲ್ ನಡೆಯಲ್ಲ. ಸಬ್ಸಿಡಿ ಕೊಡಿಸ್ತೀನಿ ಅಂತ ಮುಂಗಡ ಕೇಳುವವರನ್ನು ನಂಬಬೇಡಿ. ಅದೇನಿದ್ದರೂ ಊರ ರೈತು ಸೇವಾ ಕೇಂದ್ರದಲ್ಲೇ ವಿಚಾರಿಸಿ. ಹಸಿ ಮರ ಕಡಿಯೋ ಮುಂಚೆ ಅನುಮತಿ ಬೇಕೋ ಬೇಡವೋ ಅಂತಲೂ ಕೇಳಿ. ಈಚೆ ಇರೋದು ಆಂಧ್ರದ 2002ರ ವಾಲ್ಟಾ ಕಾಯ್ದೆ, ಆಚೆ ಕರ್ನಾಟಕದ 1976ರ ಮರ ಸಂರಕ್ಷಣೆ ಕಾಯ್ದೆ. ಎರಡು ಕಡೆ ಹೊಲ ಇರುವವರು ಎರಡನ್ನೂ ನೋಡಬೇಕು. ನನ್ನ ನಿಜವಾದ ಸಿಟ್ಟು ಬೇರೆ. ನನ್ನ ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿ ಇಂಗ್ಲಿಷ್ ಇತ್ತು, ಚೀನೀ ಇತ್ತು. ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಹಿಂದೂಪುರದಲ್ಲಿ, ಶಿರಾದಲ್ಲಿ ಮಿಷನ್ ಮಾರಿ ದುಡ್ಡು ಮಾಡುವವರು ಬ್ರೇಕು, ಎಣ್ಣೆ ಲೆಕ್ಕ, ಟ್ಯಾಂಕು ಬರಿದು ಮಾಡೋದು, ಈ ಮೂರನ್ನು ಎರಡು ಭಾಷೆಯಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡೋದು ಅಷ್ಟು ಕಷ್ಟವೇ? ನಾನೇ ಬರೆದುಕೊಡ್ತೀನಿ, ಕಾಸು ಬೇಡ.

ವರ್ಷಕ್ಕೆ ಎರಡೇ ದಿನದ ಕೆಲಸ ಇರುವವರು ಮಿಷನ್ ಕೊಳ್ಳಲೇಬೇಡಿ. ನಮ್ಮೂರಲ್ಲಿ ಮಿಷನ್ ಸಮೇತ ಬರುವ ಹುಡುಗ ದಿನಕ್ಕೆ 1,800 ತಗೊಳ್ತಾನೆ. ಎರಡು ದಿನಕ್ಕೆ 3,600. ಇಪ್ಪತ್ತು ಸಾವಿರದ ಮಿಷನ್ ಐದು ವರ್ಷ ಕಳೆದರೂ ಆ ಲೆಕ್ಕಕ್ಕೆ ಸಮ ಆಗಲ್ಲ. ನಾನು, ನನ್ನ ಷಡ್ಡಕ, ಪಕ್ಕದ ಹೊಲದ ರೆಡ್ಡಿ ಮೂವರೂ ಸೇರಿ 2024ರಲ್ಲಿ 21,000ಕ್ಕೆ ಒಂದು ಸಣ್ಣ ಮಿಷನ್ ತಂದೆವು. ತಲೆಗೆ ಏಳು ಸಾವಿರ, ನನ್ನ ಹಳೇ ದಂಡಕ್ಕಿಂತ ಒಂದೂವರೆ ಸಾವಿರ ಕಡಿಮೆ. ಕಟ್ಟಲೆ ಒಂದೇ, ಯಾರು ಕೊಯ್ದರೋ ಅವರೇ ಟ್ಯಾಂಕು ಬರಿದು ಮಾಡಿ, ಚೈನು ಅರ ಹಾಕಿ, ಮುಂದಿನವರ ಮನೆಗೆ ಮುಟ್ಟಿಸಬೇಕು. ಹೋದ ಸಂಕ್ರಾಂತಿಗೆ ರೆಡ್ಡಿ ಅರ ಹಾಕದೆ ಕಳಿಸಿದ, ಅದಕ್ಕೆ ಒಂದು ಸಣ್ಣ ರಂಪ ಆಯ್ತು. ಮಿಷನ್ ಮಾತ್ರ ಎರಡನೇ ಎಳೆತಕ್ಕೇ ಚಾಲೂ ಆಯ್ತು. ಹಳೆಯದು ಅಟ್ಟದ ಮೇಲಿದೆ, ಹರಿದ ಟವೆಲ್ಲು ಅದಕ್ಕೇ ಸುತ್ತಿಟ್ಟಿದ್ದಾಳೆ ನಮ್ಮಾಕೆ.