ಕಿವಿನೋವಿಗೆಲ್ಲ ಪ್ರೆಸ್ಸಿನ ಸದ್ದೇ ಹೊಣೆಯೇ?

ಮಹಾರಾಷ್ಟ್ರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಮಿಕರ ಕಿವಿತೊಂದರೆಗೆಲ್ಲ ಯಂತ್ರದ ಸದ್ದೇ ಕಾರಣ, ಇಯರ್‌ಪ್ಲಗ್ ಕೊಟ್ಟರೆ ಸಾಕು, ಕಿವಿ ನೆಟ್ಟಗಿದ್ದೂ ನೋವೆನ್ನುವವರು ರಜೆಗಾಗಿ ನಟಿಸುವವರು: ಇದು ಕಳೆದ ಸಂಚಿಕೆಯ ಲೇಖನದ ವಾದ.

ಪ್ಲಗ್ ಬೇಕು, ಒಪ್ಪಿದೆ. ಜೋರು ಸದ್ದಿಗೆ ಮುಖದ ನರದ ಕವಲೊಂದು ನಡುಗಿವಿಯ ಸ್ಟೇಪಿಡಿಯಸ್ ಸ್ನಾಯುವನ್ನು ಬಿಗಿಸಿ ಸದ್ದನ್ನು ತಗ್ಗಿಸುತ್ತದೆ. ಆದರೆ ಪವರ್ ಪ್ರೆಸ್ಸಿನ ಹೊಡೆತ ಅದಕ್ಕೂ ಮೊದಲೇ ಒಳಗಿವಿ ಮುಟ್ಟಿರುತ್ತದೆ. ಅಲ್ಲಿ ಸಾಯುವುದು ರೋಮಕೋಶಗಳು. ಅದರಿಂದ ಕಿವಿ ಸೋರುವುದಿಲ್ಲ.

ಸೋರುವ ಕಿವಿಯ ಕತೆಯೇ ಬೇರೆ. ನಡುಗಿವಿಯಲ್ಲಿ ಮುಖದ ನರ ಸಾಗುವುದು ತೆಳ್ಳನೆಯ ಮೂಳೆಗೊಳವೆಯೊಳಗೆ. ಕೆಲವರಲ್ಲಿ ಅಲ್ಲಲ್ಲಿ ಆ ಮೂಳೆಯೂ ಇರುವುದಿಲ್ಲ. ಕಿವಿ ಸೋರಿಸುವ, ಮೂಳೆ ತಿನ್ನುವ ಚರ್ಮದ ಗಂಟು ಕೊಲೆಸ್ಟಿಯಟೋಮ ಅಲ್ಲಿಗೆ ಕೊರೆದರೆ ಬಾಯಿ ಸೊಟ್ಟಗಾಗಬಹುದು. ಕಿವಿತಮಟೆಯ ಹಿಂದೆಯೇ ಹಾಯುವ, ರುಚಿ ಒಯ್ಯುವ ಕಾರ್ಡಾ ಟಿಂಪನಿ ನರ ಕೆಟ್ಟರೆ ಆ ಬದಿಯ ನಾಲಿಗೆಗೆ ಸಾರಿನ ಉಪ್ಪೂ ತಿಳಿಯದು. ಇಂಥ ಕಿವಿಗೆ ಪ್ಲಗ್ ತುರುಕುವುದು ಯಾವ ಔಷಧ?

ಇನ್ನು 'ನಟನೆ'. ನಡುಗಿವಿಯ ಸಂವೇದನೆ ಒಯ್ಯುವ ಜೇಕಬ್‌ಸನ್ ನರ ಒಂಬತ್ತನೇ ಕಪಾಲ ನರದ ಕವಲು. ಟಾನ್ಸಿಲ್, ನಾಲಿಗೆಯ ಬುಡಕ್ಕೂ ಅದೇ ನರ. ಅಲ್ಲಿನ ಹುಣ್ಣು ಕಿವಿಯಲ್ಲಿ ನೋಯುತ್ತದೆ. 2012ರಲ್ಲೇ ಮಹಾರಾಷ್ಟ್ರ ನಿಷೇಧಿಸಿದ ಗುಟ್ಕಾ ಇನ್ನೂ ಎಷ್ಟು ಜೇಬುಗಳಲ್ಲಿದೆ ಎಂದು ಲೇಖಕರಿಗೆ ಹೇಳಬೇಕಿಲ್ಲ. ತಂಬಾಕು ಜಗಿಯುವವನ ಕಿವಿ ಚೊಕ್ಕಟವಿದ್ದೂ ನೋಯುತ್ತಿದ್ದರೆ, ಮೊದಲು ಬಾಯಿ ತೆರೆಸಿ ಗಂಟಲು ನೋಡಬೇಕು.